ವೈನಿಯ ದನಿ ಬೇಡವೆಂದವರು ಯಾರೂ ಇಲ್ಲ

ವೈನಿ, ಸಿನಿಮಾದವರು ನಿಮ್ಮ ದನಿ ಬೇಡ ಅನ್ನಲಿಲ್ಲ. ಬೇಕು ಅಂದಿದ್ದರು. ಬೇಡ ಅಂದರು ಅಂತ ನಿಮಗೆ ಹೇಳಿದವನು ನಾನು — ನಿಮ್ಮ ಮೈದುನ, ಮಂದಿಯ ಬಾಯಲ್ಲಿ ದಲಾಲಿ ಬಸಣ್ಣ.

ಗಜೇಂದ್ರಗಡದಲ್ಲಿ ಶೂಟಿಂಗ್ ನಡೆದಾಗ ಅವರಿಗೆ ಎತ್ತು, ಚಕ್ಕಡಿ ಒದಗಿಸಿದ್ದು ನಾನೇ. ಹಳ್ಳಿಯ ಹುಡುಗಿಯೊಬ್ಬಳು ಹಾಡುತ್ತ ಹಾಡುತ್ತ ದೊಡ್ಡ ಹೆಸರು ಮಾಡುವ ಕಥೆ ಅದು. ಅವಳ ತಾಯಿ ಬೀಸುವಾಗ ಹಾಡುವ ಒಂದು ಹಾಡಿಗೆ ಇಲ್ಲಿಯದೇ ದನಿ ಬೇಕಿತ್ತು. ನರೇಗಲ್ಲಿನ ಮದುವೆಯಲ್ಲಿ ನೀವು ಸೋಬಾನ ಹಾಡಿದ್ದನ್ನು ಡೈರೆಕ್ಟರು ಕೇಳಿದ್ದರು. “ಬಸಣ್ಣೋರೇ, ನಿಮ್ಮ ಅತ್ತಿಗೆಯವರೇ ಹಾಡ್ಬೇಕು” ಅಂದರು.

ಸುದ್ದಿ ತಂದಾಗ ನೀವು ರೊಟ್ಟಿ ಬಡಿಯುತ್ತಿದ್ದಿರಿ. “ಏನಪಾ, ಎತ್ತು ಸಾಲದ್ದಕ್ಕ ನನ್ನನ್ನೂ ಹೂಡಾಕ ಹೊಂಟೀ ಏನ?” ಅಂತ ನಕ್ಕಿರಿ. ಆದರೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದಿರಿ. ನಾನು ನೋಡಿದೆ.

ಸಂಜೆ ಡೈರೆಕ್ಟರ ಹತ್ತಿರ ದರದ ಮಾತು ಮುಗಿಸಲು ಹೋದೆ. ಅಲ್ಲಿ — ಹೇಗೆ ಹೇಳಲಿ — ದನದ ಸಂತೆಯಲ್ಲಿ ನಮ್ಮದೊಂದು ರೀತಿ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕೇಳುತ್ತಾರೆ. ಮೊದಲ ದರಕ್ಕೆ ಹೂಂ ಅನ್ನಬಾರದು. ಕೈ ಬಿಡಿಸಿಕೊಂಡು, ಟವೆಲ್ ಹೆಗಲಿಗೆ ಹಾಕಿ, ತಿರುಗಿ ನೋಡದೆ ನಡೆಯಬೇಕು. ಕೊಳ್ಳುವವನು ಹಿಂದಿನಿಂದ ಕರೆಯುತ್ತಾನೆ. ಕರೆದೇ ಕರೆಯುತ್ತಾನೆ.

ಅವರು ಏನು ಕೊಡುತ್ತೇವೆಂದು ಹೇಳಿ ಮುಗಿಸುವ ಮೊದಲೇ, “ಇಷ್ಟಕ್ಕೆಲ್ಲಾ ನಮ್ಮ ವೈನಿ ಬರೂದಿಲ್ರಿ” ಅಂದು ಎದ್ದೆ. ನಡೆದೆ. ಬೇಕಂತಲೇ ಸಾವಕಾಶ ನಡೆದೆ. ಯಾರೂ ಕರೆಯಲಿಲ್ಲ. ಆ ಮನುಷ್ಯ ಸಂತೆಯ ರೀತಿ ಅರಿಯದವನು — ಬರುವುದಿಲ್ಲ ಅಂದರೆ ಬರುವುದಿಲ್ಲ ಅಂತಲೇ ತಿಳಿದ. ಬೆಳಿಗ್ಗೆ ಏನೂ ಆಗಿಲ್ಲದವನಂತೆ ಮತ್ತೆ ಹೋದೆ. ಗದಗಿನಿಂದ ಬೇರೊಬ್ಬ ಹೆಣ್ಣುಮಗಳು ಬಂದು ಕೂತಿದ್ದಳು.

ಮನೆಯಲ್ಲಿ ನೀವು ಸೀರೆ ಉಟ್ಟು ತಯಾರಾಗಿದ್ದಿರಿ. ನಾನು ಆಗ ಒಂದೇ ಮಾತು ಖರೇ ಹೇಳಬಹುದಿತ್ತು. ಹೇಳಿದ್ದು — “ದನಿ ಸಿನಿಮಾಕ್ಕ ಒಗ್ಗೂದಿಲ್ಲಂತ್ರಿ.”

“ಇರ್ಲಿ ಬಿಡಪಾ, ನಂದೇನ್ ದೊಡ್ಡ ದನಿ” ಅಂದಿರಿ. ಸೀರೆ ಬದಲಿಸಿ ಬಂದು ನನಗೇ ಚಹಾ ಕೊಟ್ಟಿರಿ.

ಹೊಸದಾಗಿ ವ್ಯಾಪಾರಕ್ಕಿಳಿಯುವ ಹುಡುಗರಿಗೆ ನಾನು ಈಗಲೂ ಬುದ್ಧಿ ಹೇಳುತ್ತೇನೆ: ಎದುರಿನವನ ರೀತಿ ತಿಳಿಯದೆ ಎದ್ದು ಹೋಗಬ್ಯಾಡ್ರಿ. ಇನ್ನೊಬ್ಬರ ವಸ್ತು ನಿಮ್ಮದೆಂದು ದರ ಕಟ್ಟಬ್ಯಾಡ್ರಿ. ಎಲ್ಲಿ ಕಲಿತಿರಿ ಅಂತ ಅವರು ಕೇಳಿದರೆ ಮಾತು ಬದಲಿಸುತ್ತೇನೆ.

ನಮಗೇನೂ ಕಡಿಮೆಯಾಗಿಲ್ಲ, ವೈನಿ. ನರಗುಂದದಲ್ಲಿ ಅಂಗಡಿ ಚಲೋ ನಡೆದಿದೆ. ಅಣ್ಣ ಆರಾಮಿದ್ದಾನೆ, ನೀವು ಮೊಮ್ಮಕ್ಕಳನ್ನು ಆಡಿಸುತ್ತ ನಗುನಗುತ್ತ ಇದ್ದೀರಿ. ಉಂಡು ಕಟ್ಟೆಯ ಮೇಲೆ ಕೂತಾಗ ನನಗೂ ಭಾಳ ಸಮಾಧಾನ. ಆ ಸಮಾಧಾನದಲ್ಲೇ ಈ ಸುಳ್ಳು ಇಷ್ಟು ವರ್ಷ ಹಾಯಾಗಿ ಉಳಿಯಿತು. ಆದರೆ ಅಂದಿನಿಂದ ನೀವು ಯಾವ ಮದುವೆಯಲ್ಲೂ ಹಾಡು ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಉಳಿದವರು ಎತ್ತಿದ್ದಕ್ಕೆ ಸೊಲ್ಲು ಸೇರಿಸುತ್ತೀರಿ, ಅಷ್ಟೇ. ಮೊನ್ನೆ ಟೀವಿಯಲ್ಲಿ ಆ ಸಿನಿಮಾ ಬಂತು. ಬೀಸುವ ಹಾಡು ಮುಗಿದಾಗ ನೀವು, “ದನಿ ಅಂದ್ರ ಇದು ನೋಡಪಾ. ಅವರು ನನ್ನ ಬಿಟ್ಟದ್ದ ಚಲೋ ಆತು” ಅಂದಿರಿ. ಮನಸಾರೆ ಅಂದಿರಿ. ನಾನು ಹೌದ್ರಿ ಅಂದೆ. ಆಗಲೂ — ಹೌದ್ರಿ ಅಂದೆ.

ನಾಡಿದ್ದು ಶಿರೋಳದ ನಮ್ಮ ಮನೆಯಲ್ಲಿ ನನ್ನ ಮಗಳಿಗೆ ಮದುವೆಯ ಅರಿಷಿಣ ಹಚ್ಚುವುದಿದೆ. ಓಣಿಯ ಹೆಣ್ಣುಮಕ್ಕಳೆಲ್ಲ ಸೇರುತ್ತಾರೆ. ಹಾಡು ಶುರುವಾಗುವ ಮೊದಲು ಅವರೆಲ್ಲರ ಎದುರಿಗೇ ಇದನ್ನು ನಿಮಗೆ ಬಾಯಿಬಿಟ್ಟು ಹೇಳುತ್ತೇನೆ. ಹಾಡಿರಿ ಅಂತ ಕೇಳುವುದಿಲ್ಲ. ಕೇಳುವ ಹಕ್ಕು ನನಗಿಲ್ಲ. ನೀವು ಬೈದರೆ ನಿಂತು ಬೈಸಿಕೊಳ್ಳುತ್ತೇನೆ. ಸುಮ್ಮನಿದ್ದರೂ — ನಿಂತೇ ಇರುತ್ತೇನೆ.