ಮೂರನೆಯ ಮಹಡಿಯ ಏರಿಯಲ್

ಸೋಲಾಪುರದ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಏನನ್ನು ನೇತುಹಾಕಬಹುದು, ಏನನ್ನು ಕೂಡದು ಎಂಬ ವಿಷಯದಲ್ಲಿ ಸೊಸೈಟಿಯವರದು ಒಂದು ಅಲಿಖಿತ ಸಂವಿಧಾನವಿದೆ. ಒದ್ದೆ ಚಾದರ, ದೀಪಾವಳಿ ಮುಗಿದು ಆರು ತಿಂಗಳಾದರೂ ಇಳಿಯದ ಆಕಾಶಬುಟ್ಟಿ, ದೃಷ್ಟಿ ತಾಗದಿರಲೆಂದು ಪೋಣಿಸಿದ ಲಿಂಬೆ-ಮೆಣಸಿನಕಾಯಿ, ಇವಕ್ಕೆ ಯಾರ ಅಭ್ಯಂತರವೂ ಇಲ್ಲ. ಆದರೆ ನೂಲಿನೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯೊಂದು ಕಂಡರೆ ಸಾಕು, ಸೆಕ್ರೆಟರಿ ಸಾಹೇಬರು ಮೊಣಕಾಲುನೋವನ್ನೂ ಮರೆತು ಮೆಟ್ಟಿಲೇರಿ ಬರುತ್ತಾರೆ. "ಹೇ ಕಾಯ್ ಆಹೇ, ಶೇಟ್‌ಜೀ?" ಇದೇನೆಂದು ಕೇಳಿದವರಿಗೆ ರೇಡಿಯೋದ ಏರಿಯಲ್ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮರಾಠಿಯಿಂದ ಕನ್ನಡಕ್ಕೆ ಇಳಿದು, "ಮೊಬಾಯಿಲದಾಗ ಎಲ್ಲಾ ಬರ್ತದಲ್ರಿ" ಎಂದು ಸಮಾಧಾನ ಹೇಳಿ ಹೋದರು.

ಓದುಗ ಮಿತ್ರರೇ, ನಿಮಗೂ ಹಾಗೆಯೇ ಅನ್ನಿಸುತ್ತಿದ್ದರೆ ತಪ್ಪಲ್ಲ. ಶಾರ್ಟ್‌ವೇವ್ ಎಂದರೆ ಸಾವಿರಾರು ಮೈಲಿಗಳಾಚೆಯಿಂದ ಹೊರಟು, ಆಕಾಶಕ್ಕೆ ಬಡಿದು, ಪುಟಿದು, ಸೊರಗಿ ನಮ್ಮ ಮನೆಗೆ ಬರುವ ಧ್ವನಿ. ಅದನ್ನು ಹಿಡಿಯಲು ಎತ್ತರದಲ್ಲಿ ಕಟ್ಟಿದ ಉದ್ದನೆಯ ತಂತಿ ಬೇಕು, ಸುತ್ತ ವಿದ್ಯುತ್ತಿನ ಗದ್ದಲವಿಲ್ಲದ ಜಾಗ ಬೇಕು. ಅಪಾರ್ಟ್‌ಮೆಂಟಿನಲ್ಲಿ ಎರಡೂ ಇಲ್ಲ. ಟವೆಲು-ಚಾದರಗಳ ವ್ಯಾಪಾರದಲ್ಲಿ ಆಯುಷ್ಯ ಕಳೆದು, ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿ, ಎರಡನೆಯ ಮಹಡಿಯ ಈ ಫ್ಲ್ಯಾಟಿನಲ್ಲಿ ಕುಳಿತ ನನಗೆ ಈ ಅಭಾವಗಳೇ ಒಂದು ಉದ್ಯೋಗವಾದವು.

ಈ ಹುಚ್ಚನ್ನು ಹಚ್ಚಿದವನು ಬಸವಂತರಾಯ, ಕಾಲೇಜಿನ ದಿನಗಳಿಂದ ನನ್ನ ದೋಸ್ತ. ಅಕ್ಕಲಕೋಟ ತಾಲೂಕಿನ ಕುರನೂರಿನ ಜಮೀನುದಾರ. ಮಾಳಿಗೆಯಿಂದ ಹೊಲದ ಅಂಚಿನವರೆಗೆ ತಂತಿ ಎಳೆದು, ಎತ್ತುಗಳಿಗೆ ಮೇವು ಹಾಕಿದ ಕೈಯಿಂದಲೇ ರೇಡಿಯೋದ ಗುಂಡಿ ತಿರುಗಿಸಿ, ಭೂಮಂಡಲವನ್ನೇ ಅಂಗಳಕ್ಕೆ ಇಳಿಸುತ್ತಿದ್ದ. ಸಮುದ್ರದಾಚೆಯ ಒಂದು ಕೇಂದ್ರದ ಮೇಲೆ ಅವನಿಗೆ ವಿಶೇಷ ಮಮತೆ. ಸಂಜೆ ಅರ್ಧ ಗಂಟೆ ಸರಳವಾದ ಇಂಗ್ಲಿಷಿನಲ್ಲಿ ಹರಟುತ್ತಿದ್ದ ಆ ಕೇಂದ್ರದವರು ಒಮ್ಮೆ ಅವನ ಪತ್ರವನ್ನು ಓದಿದ್ದರು. ಅಂದಿನಿಂದ ಅವನು ಅವರನ್ನು ಬೀಗರೆಂದೇ ತಿಳಿದ. ಅಲ್ಲಿ ಭೂಕಂಪವಾದಾಗ ಎರಡು ದಿನ ಅವನಿಗೆ ಊಟ ಸೇರಿರಲಿಲ್ಲ.

ಹೋದ ವರ್ಷ ಬಸವಂತನ ಪುಪ್ಪುಸಗಳು ಕೈಕೊಟ್ಟವು. ಉಸಿರಿಗೆ ದಿನವಿಡೀ ಯಂತ್ರದ ಆಸರೆ ಬೇಕೆಂದು ವೈದ್ಯರು ಹೇಳಿದ್ದರಿಂದ ಮಗಳು ಮಹಾನಂದಾ ಅವನನ್ನು ಸೋಲಾಪುರಕ್ಕೆ ಕರೆತಂದಳು. ಅವಳ ಮನೆ ನಮ್ಮ ಕಟ್ಟಡದಲ್ಲಿಯೇ, ಸರಿಯಾಗಿ ನನ್ನ ತಲೆಯ ಮೇಲಿನ ಮೂರನೆಯ ಮಹಡಿಯಲ್ಲಿ. ಮಿತ್ರನ ಕಾಯಿಲೆಯಿಂದ ನನಗೆ ಆದದ್ದು ದುಃಖವೋ, ಸಂಜೆಗಳಿಗೆ ಜೊತೆ ಸಿಕ್ಕಿತೆಂಬ ಗುಪ್ತ ಸಂತೋಷವೋ ಎಂದು ಈಗ ನನ್ನನ್ನು ಕೇಳಬೇಡಿ. ಮಹಾನಂದಾ ಶಾಲೆಯಲ್ಲಿ ಶಿಕ್ಷಕಿ, ಮನೆ ಮುಟ್ಟುವಾಗ ಆರೂವರೆ. ಕೆಲಸದಾಕೆ ಹೋದ ಮೇಲೆ, ಐದರಿಂದ ಅಲ್ಲಿಯವರೆಗೆ ಅಪ್ಪನ ಬಳಿ ನಾನು ಕೂಡುತ್ತೇನೆಂದೆ. "ನೀವು ಅದೀರಲ್ಲ ಕಾಕಾ, ನನಗ ಚಿಂತಿ ಇಲ್ಲ" ಎಂದಳು.

ಚಳಿಗಾಲದ ಆರಂಭದಲ್ಲಿ ಆ ಕೇಂದ್ರದವರು ತಮ್ಮ ಶಾರ್ಟ್‌ವೇವ್ ಪ್ರಸಾರವನ್ನು ನಿಲ್ಲಿಸುವುದಾಗಿ ಪತ್ರ ಬರೆದರು. ಕಡೆಯ ಕಾರ್ಯಕ್ರಮ ಮೂರು ವಾರಗಳಾಚೆಯ ಒಂದು ಭಾನುವಾರ. ಬಸವಂತ ಪತ್ರವನ್ನು ಎದೆಯ ಮೇಲಿಟ್ಟುಕೊಂಡು, ಮೂಗಿನ ನಳಿಕೆಯ ನಡುವೆ ಉಸಿರು ಕೂಡಿಸಿಕೊಂಡು ಹೇಳಿದ: "ನಲವತ್ತು ವರ್ಷ ಮಾತಾಡ್ಯಾರಲೇ ಶಾವಕಾರ. ಹೋಗೂ ಮುಂದ ಏನಂತಾರ ಕೇಳಬೇಕಲ್ಲ?"

ಕೇಳಿಸಲೇಬೇಕೆಂದು ನಾನು ಪಣ ತೊಟ್ಟೆ. ಮಗ್ಗದ ಮೋಟಾರುಗಳಿಗೆ ವೈಂಡಿಂಗ್ ಮಾಡುವವನ ಅಂಗಡಿಯಿಂದ ತಾಮ್ರದ ತಂತಿ ತಂದೆ. ಮೊದಲು ಬಸವಂತನ ಕೋಣೆಯ ಪರದೆಯ ಕೊಳವೆಗೆ ಸುತ್ತಿದೆ. ಬಂದದ್ದು ಬರಿಯ ಗುಂಯ್ ಎಂಬ ಸದ್ದು. ಬಾಲ್ಕನಿಯಲ್ಲಿ ಬಟ್ಟೆಯ ಹಗ್ಗದ ಪಕ್ಕ ಎಳೆದೆ; ಕೆಲಸದಾಕೆ ಅದರ ಮೇಲೆ ನಿಷ್ಪಕ್ಷಪಾತವಾಗಿ ಒದ್ದೆ ಲಂಗಗಳನ್ನು ಹರವಿದಳು. ಕೊನೆಗೆ ಅಂಗಡಿಯಲ್ಲಿ ಬಟ್ಟೆಯ ಥಾನು ಸುತ್ತುವ ಎರಡು ಹಲಗೆಗಳನ್ನು ಅಡ್ಡಡ್ಡ ಬಡಿದು, ಗಾಳಿಪಟದಂತಹ ಚೌಕಟ್ಟು ಮಾಡಿ, ತಂತಿಯನ್ನು ಸುತ್ತು ಹಾಕಿದೆ. ಇಂಥ ಏರಿಯಲನ್ನು ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಗದ್ದಲ ತಗ್ಗುತ್ತದೆ. ಗದ್ದಲ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದೂ ಅದರಿಂದ ಗೊತ್ತಾಗುತ್ತದೆ.

ಆ ದಿಕ್ಕನ್ನು ಹಿಡಿದು ನಾನು ಪರರ ಮನೆಯಲ್ಲಿ ಪೊಲೀಸನಂತೆ ತಿರುಗಿದೆ. ಟಿವಿಯ ಪೆಟ್ಟಿಗೆ, ಮೊಬೈಲಿನ ಚಾರ್ಜರು, ಎಲ್‌ಇಡಿ ದೀಪ, ನೀರು ಸೋಸುವ ಯಂತ್ರ, ಒಂದೊಂದನ್ನೇ ಬಂದ್ ಮಾಡಿದೆ. ಕತ್ತಲಾಗುತ್ತಿದ್ದ ಮನೆಯಲ್ಲಿ ಗದ್ದಲ ಬಹುಪಾಲು ಇಳಿಯಿತು, ಪೂರ್ತಿ ಹೋಗಲಿಲ್ಲ. ರೇಡಿಯೋ ಹಿಡಿದು ಹೆಜ್ಜೆ ಹೆಜ್ಜೆಗೆ ಕಿವಿಗೊಟ್ಟು ನಡೆದವನು ಬಸವಂತನ ಮಂಚದ ತಲೆಯ ಬಳಿ ಬಂದು ನಿಂತೆ. ಮಿಕ್ಕ ಗದ್ದಲವೆಲ್ಲ ಅವನಿಗೆ ಆಮ್ಲಜನಕ ಕೊಡುತ್ತಿದ್ದ ಯಂತ್ರದ್ದಾಗಿತ್ತು. ನಾನು ಯಾವುದನ್ನು ಗದ್ದಲವೆಂದು ಶಪಿಸುತ್ತಿದ್ದೆನೋ ಅದು ನನ್ನ ಗೆಳೆಯನ ಉಸಿರಾಗಿತ್ತು. ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ನನಗಿಂತ ಮೊದಲೇ ಅವನಿಗೆ ತಿಳಿದಿತ್ತು. ಮೂಲೆಯಲ್ಲಿದ್ದ ಸಿಲಿಂಡರಿನತ್ತ ಬೆರಳು ಮಾಡಿ, "ಅದಕ್ಕ ಸದ್ದಿಲ್ಲ ನೋಡು" ಎಂದ. ಕರೆಂಟು ಹೋದರೆ ಇರಲೆಂದು ಮಗಳು ತಂದಿಟ್ಟ ಸಿಲಿಂಡರ್ ಅದು. ನಳಿಕೆಯನ್ನು ಯಂತ್ರದಿಂದ ಕಿತ್ತು ಅದಕ್ಕೆ ಸಿಕ್ಕಿಸುವುದು ಒಂದು ನಿಮಿಷದ ಕೆಲಸ. ಸಿಕ್ಕಿಸಿ ಯಂತ್ರವನ್ನು ನಿಲ್ಲಿಸಿದೊಡನೆ ಸಮುದ್ರದಾಚೆಯ ಆ ಹೆಂಗಸಿನ ಧ್ವನಿ ನೀರಿನಿಂದ ಎದ್ದು ಬಂದಂತೆ ಮೇಲೆ ಬಂತು. ಬಸವಂತ ನಕ್ಕ, ಕೆಮ್ಮಿದ, ಮತ್ತೆ ನಕ್ಕ. ಅದಾದ ಮೇಲೆ ಪ್ರತಿ ಸಂಜೆ ಮಗಳು ಬರುವ ಮುನ್ನ ನಮ್ಮದು ಇದೇ ಪ್ರಯೋಗ. ಚೌಕಟ್ಟನ್ನು ಅಷ್ಟು ಸರಿಸಿ, ಇಷ್ಟು ತಿರುಗಿಸಿ, ಭಾನುವಾರಕ್ಕೆ ಸಿದ್ಧತೆ. "ಮಹಾನಂದಾಗ ಹೇಳಬ್ಯಾಡ, ಸುಮ್ಮ ಕಿರಿಕಿರಿ ಮಾಡ್ತಾಳ" ಎಂದು ಅವನು ಹೇಳಿದ್ದನ್ನು ನಾನು ಸಂತೋಷದಿಂದ ಪಾಲಿಸಿದೆ. ರೇಡಿಯೋದಲ್ಲಿ ಧ್ವನಿಯ ಬಲ ತೋರಿಸುವ ಮುಳ್ಳು ಪ್ರತಿದಿನ ಎಷ್ಟು ಮೇಲೆ ಹೋಯಿತೆಂದು ನಾನು ವಹಿಯಲ್ಲಿ ಬರೆದಿಟ್ಟಿದ್ದೇನೆ. ಸಿಲಿಂಡರಿನ ಮೇಲಿನ ಮುಳ್ಳು ಪ್ರತಿದಿನ ಎಷ್ಟು ಕೆಳಗೆ ಇಳಿಯಿತೆಂದು ಒಮ್ಮೆಯೂ ನೋಡಲಿಲ್ಲ.

ಆ ಭಾನುವಾರ ಮಹಾನಂದಾ ಮನೆಯಲ್ಲಿದ್ದಳು. ಅವಳೆದುರು ಯಂತ್ರ ನಿಲ್ಲಿಸುವಂತಿರಲಿಲ್ಲ; ಗದ್ದಲದ ನಡುವೆಯೇ ಸಿಕ್ಕಷ್ಟು ಕೇಳೋಣವೆಂದು ನಾವಿಬ್ಬರೂ ಕಣ್ಣಲ್ಲೇ ಒಪ್ಪಿಕೊಂಡೆವು. ಕಾರ್ಯಕ್ರಮ ಶುರುವಾಗಿ ಐದು ನಿಮಿಷವಾಗಿರಬಹುದು, ಇಡೀ ಓಣಿಯ ಕರೆಂಟು ಹೋಯಿತು. ನಮ್ಮ ಕಟ್ಟಡದ, ಎದುರಿನ ಕಟ್ಟಡದ, ಎಲ್ಲ ದೀಪ, ಎಲ್ಲ ಚಾರ್ಜರು ಒಂದೇ ಏಟಿಗೆ ಸತ್ತವು. ಬ್ಯಾಟರಿಯ ಮೇಲೆ ನಡೆಯುವ ರೇಡಿಯೋ ಒಂದೇ ಉಳಿಯಿತು. ಅದರಲ್ಲಿ ಆ ಧ್ವನಿ ಎಷ್ಟು ನಿಚ್ಚಳವಾಗಿ ಬಂತೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಕ್ಷಣ ನಾನು ಹಿಗ್ಗಿದೆ.

"ಲೈಟ್ ಹೋತು. ಇರಲಿ ಅಪ್ಪಾ, ಸಿಲಿಂಡರ್ ಅದ" ಎಂದು ಮಹಾನಂದಾ ಟಾರ್ಚು ಹಿಡಿದು ಬಂದಳು. ನಳಿಕೆ ಸಿಕ್ಕಿಸಿ ಕೀಲಿ ತಿರುಗಿಸಿದಳು. ಟಾರ್ಚಿನ ಬೆಳಕಿನಲ್ಲಿ ಮುಳ್ಳು ಕೆಂಪು ಗೆರೆಯ ಮೇಲೆ ನಿಂತಿತ್ತು. "ಇದೇನಿದು, ಖಾಲಿ ಅದಲ್ಲ!" ಎಂದು ಚೀರಿ ಆಂಬುಲೆನ್ಸಿಗೆ ಫೋನು ಹಚ್ಚುತ್ತ ಮೆಟ್ಟಿಲಿನತ್ತ ಓಡಿದಳು, ಲಿಫ್ಟೂ ನಿಂತಿತ್ತು. ನಾನು ಬಸವಂತನ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ, ಟಾರ್ಚು ಹಿಡಿದು ಆ ಮುಳ್ಳಿನ ಮುಂದೆ ಕುಳಿತೆ. ರೇಡಿಯೋ ಮಾತಾಡುತ್ತಲೇ ಇತ್ತು. ನೆರೆಯವರು ಬಂದು ಅವನನ್ನು ಕುರ್ಚಿಯಲ್ಲಿ ಹೊತ್ತು ಇಳಿಸುವ ಹೊತ್ತಿಗೆ ಅವನ ತುಟಿಗಳು ನೀಲಿಯಾಗಿದ್ದವು.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಬಸವಂತ ತೀರಿಕೊಂಡ. ಮೊದಲೇ ಕೆಟ್ಟಿದ್ದ ಪುಪ್ಪುಸ, ಇದೊಂದರಿಂದಲೇ ಆಯಿತು ಎನ್ನಲಾಗದು ಎಂದರು ವೈದ್ಯರು. ಅವರು ಒಳ್ಳೆಯ ಮನುಷ್ಯರು. ಅಷ್ಟರಲ್ಲಿ ಮಹಾನಂದಾ ಸಿಲಿಂಡರ್ ತುಂಬಿಸಿಕೊಟ್ಟವನನ್ನು ಕರೆಸಿ ಆಸ್ಪತ್ರೆಯ ವರಾಂಡದಲ್ಲಿಯೇ ಹಿಗ್ಗಾಮುಗ್ಗಾ ಬೈದಿದ್ದಳು. ತಲೆ ನೆರೆತ ಆ ಮನುಷ್ಯ ಕೈಮುಗಿದು, "ಪೂರಾ ಭರ್ತಿ ಮಾಡಿ ಕೊಟ್ಟೀನ್ರಿ ಬಾಯಿ, ನನ್ನ ಮಕ್ಕಳ ಆಣಿ" ಎನ್ನುತ್ತಿದ್ದ. ನಾನು ಮೂರು ಹೆಜ್ಜೆ ದೂರದಲ್ಲಿ, ಕೈಯಲ್ಲಿ ಚಹದ ಲೋಟ ಹಿಡಿದು ನಿಂತಿದ್ದೆ. ಆಡಲು ಇದ್ದದ್ದು ಒಂದೇ ವಾಕ್ಯ. ಚಹ ಕುಡಿದೆ.

ಕುರನೂರಿನ ಹೊಲದಲ್ಲಿ ಮಣ್ಣು ಕೊಟ್ಟು ಹಿಂತಿರುಗುವಾಗ ಬಸವಂತನ ಅಳಿಯ ಕಾರು ನಡೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ಮಹಾನಂದಾ, ನಾನು. ಅಕ್ಕಲಕೋಟ ದಾಟಿದ ಮೇಲೆ ಅವಳು ಗಂಡನಿಗೆ ಹೇಳಿದಳು: "ಆ ಸಿಲಿಂಡರಿನವನ ಮ್ಯಾಲ ನಾಳೆ ತಕ್ರಾರ ಕೊಡೂಣ. ಇನ್ನೊಬ್ಬರಿಗೆ ಹಿಂಗ ಆಗಬಾರದು." ಆಗ ನನ್ನ ಬಾಯಿ ತೆರೆಯಿತು. ಪರದೆಯ ಕೊಳವೆಯಿಂದ ಹಿಡಿದು ಕೆಂಪು ಗೆರೆಯವರೆಗೆ ಎಲ್ಲವನ್ನೂ ಹೇಳಿದೆ. ಬಸವಂತನೇ ಕೇಳಿದ್ದ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅದೊಂದನ್ನು ನುಂಗಿದೆ.

ಅಳಿಯ ರಸ್ತೆಯ ಬದಿಗೆ ಕಾರು ನಿಲ್ಲಿಸಿದ. ಮಹಾನಂದಾ ನನ್ನತ್ತ ತಿರುಗಿದಳು. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ, ಇಳಿಯಿರಿ ಎಂದರೆ ಇಳಿದು ನಡೆಯುವುದಕ್ಕೂ. ಅವಳು ಕೇಳಿದ್ದು ಬೇರೆ.

"ಆ ರೇಡಿಯೋದವರು ಕಡೀಗಿ ಏನಂದ್ರು ಕಾಕಾ? ಅಪ್ಪಗ ಕೇಳಿಸ್ತೇನ್ರಿ?"

ಹೌದು ಎಂದಿದ್ದರೆ ಆಗುತ್ತಿತ್ತು. ಆ ಅರ್ಧ ಗಂಟೆಯನ್ನು ನೆನಪಿಸಿಕೊಳ್ಳಲು ಪ್ರಯತ್ನಪಟ್ಟೆ. ಅವನ ಮುಖ ನೆನಪಿಗೆ ಬರಲಿಲ್ಲ. ಅಷ್ಟು ನಿಚ್ಚಳವಾಗಿ ಬಂದ ಆ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲವ್ವಾ," ಎಂದೆ. "ನಾ ಅವನ ಕಡಿ ನೋಡಲಿಲ್ಲ. ಮುಳ್ಳು ನೋಡಕೋತ ಕುಂತಿದ್ದೆ."