ಗುಡ್ಡಮ್ಮನ ಪಟ್ಟಿಯಲ್ಲಿ ಕತ್ತೆಗಳಿಲ್ಲ

ಬೆಳಗಿನ ಐದೂ ಮುಕ್ಕಾಲು. ಕುಪ್ಪಗಡ್ಡೆಯ ಆಚೆ, ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಮುನ್ನೂರು ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿವೆ. ಬದುವಿನ ಮೇಲೆ ನಿಂತ ಗುಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕೈಯಲ್ಲಿರುವ ಪಟ್ಟಿ ನೋಡಿ ಹೆಸರು ಕೂಗುತ್ತಾರೆ.

"ಬಂಡ್ಯಾ."

ಕಂಬಳಿ ಹೊದ್ದು ಒಲೆಯ ಮುಂದೆ ಕೂತವರಲ್ಲಿ ಯಾರೂ ಏಳುವುದಿಲ್ಲ. ಕುರಿಗಳ ಆಚೆ ಬದಿಯಿಂದ ಕಿವಿ ಹರಿದ ಬೂದು ಬಣ್ಣದ ನಾಯಿಯೊಂದು ಅವಸರವಿಲ್ಲದೆ ನಡೆದು ಬಂದು ಗುಡ್ಡಮ್ಮನ ಕಾಲ ಬಳಿ ಕೂರುತ್ತದೆ.

"ಇವನೇ ರೀ," ಎನ್ನುತ್ತಾರೆ ಗುಡ್ಡಮ್ಮ. "ವಯಸ್ಸು ನಾಕು. ಹಂಗೇ ಬರ್ದೀನಿ ನೋಡ್ರಿ."

ಪಕ್ಕದಲ್ಲಿ ನಿಂತ ಶಿವಶಂಕರ ಕೆಂಪು ಪೆನ್ನಿನಿಂದ ಬಂಡ್ಯಾನ ಹೆಸರನ್ನು ಹೊಡೆದು ಹಾಕುತ್ತಾನೆ. ಆತ ಮುಂಡಗೋಡದ ಕಡೆಯ 'ಕರುಣೋದಯ' ಎಂಬ ಬೌದ್ಧ ಸೇವಾ ಟ್ರಸ್ಟಿನ ಪರಿಶೀಲನಾ ಸಿಬ್ಬಂದಿ; ಸೊರಬದ ಹುಡುಗ, ವಯಸ್ಸು ಮೂವತ್ತರ ಒಳಗೆ. ಕೋವಿಡ್ ಪರಿಹಾರದ ಅಕ್ಕಿ-ಬೇಳೆ ಪಡೆಯುವವರ ಪಟ್ಟಿಯಲ್ಲಿ ನಿಜವಾದ ಮನುಷ್ಯರು ಎಷ್ಟು ಎಂದು ಎಣಿಸಲು ಬಂದಿದ್ದಾನೆ. ಮೂರು ದಿನದಿಂದ ಎಣಿಸುತ್ತಿದ್ದಾನೆ. ಇಂತಹ ಕೆಲಸಕ್ಕೆ ತರಬೇತಿ ಕೊಟ್ಟವರು ನಾಯಿಗಳ ಬಗ್ಗೆ ಏನೂ ಹೇಳಿರಲಿಲ್ಲ.

ಗುಡ್ಡಮ್ಮನಿಗೆ ಐವತ್ತೆರಡು. ಶಿಕಾರಿಪುರ ತಾಲ್ಲೂಕಿನ ಈಸೂರಿನವರು. ಆ ಊರಿನ ಬಗ್ಗೆ ಬರೆಯುವವರೆಲ್ಲ ಸಾವಿರದ ಒಂಬೈನೂರ ನಲವತ್ತೆರಡರ ಸ್ವಾತಂತ್ರ್ಯ ಹೋರಾಟದಿಂದ ಶುರು ಮಾಡುವುದು ವಾಡಿಕೆ. ಗುಡ್ಡಮ್ಮನಿಗೆ ಅಷ್ಟು ಹಿಂದೆ ಹೋಗುವ ಪುರುಸೊತ್ತಿಲ್ಲ. ಇದು ಎರಡನೇ ಅಲೆಯ ಮೇ ತಿಂಗಳು. ಹತ್ತು ಗಂಟೆ ಹೊಡೆದರೆ ಅಂಗಡಿ ಮುಚ್ಚುತ್ತದೆ, ರಸ್ತೆಯಲ್ಲಿ ಲಾಠಿ ಕಾಣುತ್ತದೆ. ತಾಲ್ಲೂಕು ಕಚೇರಿ ಕೊಟ್ಟ ಪಾಸನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಹಳೆಯ ಎಕ್ಸೆಲ್ ಗಾಡಿಯ ಹ್ಯಾಂಡಲ್ಲಿಗೆ ಕಟ್ಟಿದ್ದಾರೆ. ಆದರೂ ನಿಮಿಷಕ್ಕೊಮ್ಮೆ ಆಕಾಶ ನೋಡುತ್ತಾರೆ, ಆಮೇಲೆ ಮೊಬೈಲು ನೋಡುತ್ತಾರೆ, ಆಮೇಲೆ ಮತ್ತೆ ಆಕಾಶ. ಕೂರಿ ಅಂದರೆ ಕೂರುವುದಿಲ್ಲ. ಚಹಾ ಕೊಟ್ಟರೆ ನಿಂತೇ ಕುಡಿಯುತ್ತಾರೆ, ಅರ್ಧ ಬಿಡುತ್ತಾರೆ.

ಹುಟ್ಟಿದ್ದು ಕುರಿ ಸಾಕುವ ಮನೆಯಲ್ಲಿ. ಹತ್ತು ವರ್ಷದವರೆಗೆ ಅಪ್ಪನ ಮಂದೆಯ ಹಿಂದೆ ಊರೂರು ನಡೆದವರು. ಈಸೂರಿಗೆ ಮದುವೆಯಾಗಿ ಬಂದ ಮೇಲೆ ಮೆಕ್ಕೆಜೋಳದ ಹೊಲ, ಎರಡು ಎಮ್ಮೆ. ಹದಿನಾರು ವರ್ಷದಿಂದ ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಬೆಳಿಗ್ಗೆ ಹಾಜರಿ ಎಷ್ಟು ಎಂದು ಮೇಷ್ಟ್ರನ್ನು ಕೇಳುವುದು, ಅಷ್ಟಕ್ಕೇ ಅಕ್ಕಿ ಅಳೆಯುವುದು. ಒಂದು ಮಗು ಹೆಚ್ಚಾದರೂ ಸೌಟು ತಡವರಿಸುತ್ತದೆ, ಕಡಿಮೆಯಾದರೆ ಅನ್ನ ಉಳಿಯುತ್ತದೆ. ಉಣ್ಣುವವರ ತಲೆ ಎಣಿಸುವುದರಲ್ಲಿ ಅವರನ್ನು ಮೀರಿಸುವವರು ಆ ಹೋಬಳಿಯಲ್ಲಿ ಇಲ್ಲ ಎಂಬುದು ಅವರ ಅಭಿಪ್ರಾಯ, ಮೇಷ್ಟ್ರದೂ ಕೂಡ. ಈಗ ಶಾಲೆ ಮುಚ್ಚಿದೆ. ದೊಡ್ಡ ಪಾತ್ರೆಗಳು ಕೋಣೆಯೊಳಗೆ ಬೋರಲಾಗಿವೆ.

ಟ್ರಸ್ಟಿನ ಲಾಮಾಗಳು ಈ ಸೀಮೆಗೆ ಅಪರಿಚಿತರೇನಲ್ಲ. ಚಳಿಗಾಲದಲ್ಲಿ ಪೇಟೆಗೆ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರ ಕಡೆಯವರು ಎಂದೇ ಜನಕ್ಕೆ ಪರಿಚಯ. ಈ ಸಲ ಸ್ವೆಟರಿನವರು ಕಂಬಳಿಯವರಿಗೆ ಅಕ್ಕಿ ತಂದಿದ್ದಾರೆ. ಮೊದಲು ಅವರಿಗೆ ಸಿಕ್ಕ ಪಟ್ಟಿಗಳಲ್ಲಿ ಊರೊಳಗಿನವರ ಹೆಸರುಗಳೇ ಇದ್ದವು. ಕುರಿಗಾರರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವರ ರೇಷನ್ ಕಾರ್ಡು ಊರಲ್ಲಿ, ಹೆಬ್ಬೆಟ್ಟು ಇಲ್ಲಿ. ಬೇಸಿಗೆಯಲ್ಲಿ ಗೊಬ್ಬರಕ್ಕೆಂದು ಗದ್ದೆಗಳಲ್ಲಿ ಮಂದೆ ತಂಗಿಸಿ, ಗದ್ದೆಯವರು ಕೊಡುವ ಕಾಳಿನಲ್ಲಿ ದಿನ ಕಳೆಯುವ ಜನ. ಈ ವರ್ಷ ಊರುಗಳು ಬಾಯಿಗೆ ಮುಳ್ಳು ಎಳೆದುಕೊಂಡು ಕೂತಿವೆ, ಹೊರಗಿನವರು ಬರುವಂತಿಲ್ಲ. ಕ್ಯಾಸನೂರಿನ ಕಡೆಯಂತೂ ಮಾತೇ ಬೇಡ. ತನ್ನ ಹೆಸರಿನಲ್ಲೇ ಮಂಗನ ಕಾಯಿಲೆಯೆಂಬ ಜ್ವರವನ್ನು ಲೋಕಕ್ಕೆ ಕೊಟ್ಟ ಊರು ಅದು, ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುವ ಹುಮ್ಮಸ್ಸು ಅದಕ್ಕಿಲ್ಲ.

ಹೀಗೆ ಕುಪ್ಪಗಡ್ಡೆಯಿಂದ ಕ್ಯಾಸನೂರಿನವರೆಗೆ ಅಲ್ಲಲ್ಲಿ ಸಿಕ್ಕಿಕೊಂಡ ಹನ್ನೆರಡು ಬಿಡಾರಗಳನ್ನು ಹುಡುಕಿ ಟ್ರಸ್ಟಿಗೆ ಪಟ್ಟಿ ಮಾಡಿಕೊಟ್ಟವರು ಗುಡ್ಡಮ್ಮ. ಒಟ್ಟು ಹೆಸರು ನೂರ ಇಪ್ಪತ್ತೆಂಟು. ನಾಲ್ಕು ಜನಕ್ಕೊಂದರಂತೆ ಮೂವತ್ತೆರಡು ಕಿಟ್. ಒಂದೊಂದರಲ್ಲಿ ಹತ್ತು ಕಿಲೋ ಅಕ್ಕಿ, ಎರಡು ಕಿಲೋ ತೊಗರಿಬೇಳೆ, ಎಣ್ಣೆ, ಉಪ್ಪು, ಸಕ್ಕರೆ, ಚಹಾಪುಡಿ, ಸೋಪು, ನಾಲ್ಕು ಮಾಸ್ಕು. ಮೊದಲ ಸುತ್ತು ಸಲೀಸಾಗಿ ಮುಗಿಯಿತು. ಮಾಸ್ಕುಗಳು ಯಾಕೋ ಬಹಳ ಉಳಿದವು, ಯಾರೂ ಕಾರಣ ಕೇಳಲಿಲ್ಲ.

ಎರಡನೇ ಸುತ್ತಿಗೆ ಮೊದಲು ಟ್ರಸ್ಟಿನ ಕಚೇರಿಯಲ್ಲಿ ಕಂಪ್ಯೂಟರ್ ನೋಡುವ ಮಾನಸ ಪಟ್ಟಿಯನ್ನು ವಯಸ್ಸಿನ ಪ್ರಕಾರ ಜೋಡಿಸಿ ನೋಡಿದಳು. ಎಂಟು ವರ್ಷದೊಳಗಿನವರು ನಲವತ್ತಾರು ಮಂದಿ. ಬಯಲಲ್ಲಿ, ಬಿಸಿಲಲ್ಲಿ, ಇಷ್ಟೊಂದು ಮಕ್ಕಳು. ಅಂದೇ ನಲವತ್ತಾರು ಪೊಟ್ಟಣ ಹಾಲಿನ ಪುಡಿ, ಬಣ್ಣದ ಪೆನ್ಸಿಲ್ಲು, ಚಿತ್ರ ಬರೆಯುವ ಪುಸ್ತಕ ಎಲ್ಲ ಮುಂಚಿತವಾಗಿ ಈಸೂರಿಗೆ ಬಂದಿಳಿದವು. ಗುಡ್ಡಮ್ಮ ಪೊಟ್ಟಣ ಎಣಿಸಿದರು, ಫೋನು ಹಚ್ಚಿದರು.

"ಮಕ್ಕಳು ಆರೇ ಆರು ಅದಾವಮ್ಮಾ. ಉಳಿದದ್ದು ವಾಪಸ್ ತರಿಸಿಕೊಳ್ರಿ."

"ಪಟ್ಟಿಯಲ್ಲಿ ನಲವತ್ತಾರು ಇದೆಯಲ್ಲ ಅಮ್ಮ. ಉಳಿದ ನಲವತ್ತು ಯಾರು?"

"ನಾಯಿ."

ಆ ಕಡೆಯಿಂದ ಮಾನಸ 'ಹಲೋ? ಹಲೋ?' ಎನ್ನತೊಡಗಿದಳಂತೆ. ನೆಟ್‌ವರ್ಕ್ ಹೋಯಿತೆಂದುಕೊಂಡು ಗುಡ್ಡಮ್ಮ ಫೋನ್ ಇಟ್ಟು ಎಮ್ಮೆ ಕರೆಯಲು ಹೋದರು.

ಅವರ ಲೆಕ್ಕ ಸರಳ. ಬಿಡಾರದಲ್ಲಿ ಎಷ್ಟು ಜನ ಎಂದು ಅವರು ಕೇಳಲಿಲ್ಲ, ಎಷ್ಟು ಮಂದಿಗೆ ಬೇಯಿಸುತ್ತೀರಿ ಎಂದು ಕೇಳಿದರು. ಕುರಿಗಾರರು ಇದ್ದದ್ದನ್ನೇ ಹೇಳಿದರು. ನಾಯಿಗೆಂದು ಬೇರೆ ಪಾತ್ರೆಯಿಲ್ಲ. ಅದೇ ಒಲೆ, ಅದೇ ಅನ್ನ, ಸಂಜೆ ಮೊದಲು ಬಡಿಸುವುದು ನಾಯಿಗೆ. ಇರುಳೆಲ್ಲ ಎದ್ದಿರಬೇಕಾದವರು ಅವರೇ ತಾನೆ. ಫಾರಂನಲ್ಲಿ 'ಸಂಬಂಧ' ಎಂಬ ಖಾನೆಯಿತ್ತು. ಅಲ್ಲಿ ಗುಡ್ಡಮ್ಮ ನಲವತ್ತು ಕಡೆ 'ಕಾವಲು' ಎಂದು ದುಂಡಗೆ ಬರೆದಿದ್ದಾರೆ. ಕಚೇರಿಯವರು ಅದನ್ನು ಮನೆತನದ ಹೆಸರು ಎಂದುಕೊಂಡಿದ್ದರು.

"ಮುಚ್ಚಿಟ್ಟು ಬರ್ದಿಲ್ರಿ," ಎನ್ನುತ್ತಾರೆ. "ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ. ಕತ್ತೆ ಹೆಸರು ಐತೇನ್ ನೋಡ್ರಿ ಅದರಾಗೆ. ಬಿಡಾರಕ್ಕೆ ಎರಡು ಕತ್ತೆ ಅದಾವೆ, ಸಾಮಾನು ಹೊರಾಕೆ. ಒಂದೂ ಬರ್ದಿಲ್ಲ. ಅವು ಮೇಯ್ತಾವೆ, ನಮ್ಮ ಅನ್ನ ಮುಟ್ಟಲ್ಲ."

ಸುದ್ದಿ ಊರಿಗೆ ತಲುಪುವಾಗ ಇಷ್ಟು ವಿವರ ಉಳಿದಿರಲಿಲ್ಲ. ನಾಯಿ ಹೆಸರು ಹೇಳಿ ಗುಡ್ಡಮ್ಮ ಅಕ್ಕಿ ಹೊಡೆದಳು ಎಂಬಷ್ಟೇ ಉಳಿದಿತ್ತು. ಬೀದಿಯಾಚೆಯ ನಿರ್ಮಲಮ್ಮ ಇದನ್ನು ಊರಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು, ಕೊನೆಗೊಂದು ಕೈಮುಗಿದ ಚಿತ್ರವನ್ನೂ ಸೇರಿಸಿ. ಅವತ್ತಿನಿಂದ ಗುಡ್ಡಮ್ಮ ಸರಿಯಾಗಿ ಉಂಡಿಲ್ಲ. ಗಂಡ ಮಾತ್ರ ಜಗುಲಿಯಲ್ಲಿ ಕೂತು ಕೇಳುತ್ತಾರೆ: "ನಮ್ಮನೆ ನಾಯಿ ಏನ್ ಪಾಪ ಮಾಡಿತ್ತೇ, ಅದರ ಹೆಸರು ಯಾಕ್ ಬಿಟ್ಟಿ?"

ನಗುವ ಸ್ಥಿತಿಯಲ್ಲಿ ಗುಡ್ಡಮ್ಮ ಇಲ್ಲ. ಇವತ್ತು ಪಟ್ಟಿ ಸರಿಯಿದೆ ಎಂದು ಶಿವಶಂಕರನ ವರದಿ ಹೋದರೆ ಗುರುವಾರ ಲಾರಿ ಬರುತ್ತದೆ. ಸುಳ್ಳು ಪಟ್ಟಿ ಎಂದು ಹೋದರೆ ಹನ್ನೆರಡೂ ಬಿಡಾರಗಳ ಹೆಸರು ತೆಗೆದುಹಾಕುತ್ತಾರೆ. ಮೇಲೆ ಮಳೆ ಕಾಯುತ್ತಿದೆ. ಸೊರಬದ ಮಳೆ ಹಿಡಿದರೆ ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೆ ಮೊದಲು ಮಂದೆಗಳು ಮೂಡಲ ಸೀಮೆಯ ಕಡೆ ನಡೆಯಬೇಕು. ದಾರಿಯ ಊರುಗಳಲ್ಲಿ ಒಂದು ಸೇರು ಅಕ್ಕಿಯೂ ಹುಟ್ಟುವುದಿಲ್ಲ. ಕೈಯಲ್ಲಿ ಇಟ್ಟುಕೊಂಡೇ ಹೊರಡಬೇಕು.

ಬಿಡಾರದ ಯಜಮಾನ ಗೋಪಾಲಪ್ಪ ಹೇಳುವುದು ಕಡಿಮೆ. ಅವರ ಹೆಂಡತಿ ಶೇಷಮ್ಮ ಅದನ್ನು ತುಂಬಿಕೊಡುತ್ತಾರೆ.

"ಹೊಡೀರಿ ಹೆಸರು, ಬ್ಯಾಡ ಅನ್ನಲ್ಲ," ಎನ್ನುತ್ತಾರೆ ಶಿವಶಂಕರನಿಗೆ. "ನೀವು ಹೆಸರು ಹೊಡೆದ್ರೂ ಸಂಜೀಗೆ ಅವು ಬಂದು ಕೂರ್ತಾವೆ. ನಾವು ಹಾಕ್ತೀವಿ. ಕಡಿಮಿ ಆಗೋದು ನಮ್ಮ ತಾಟಿಂದು."

"ನನ್ನ ಕೈಲಿ ಏನಿದೆ ಹೇಳಿ ಅಮ್ಮ. ಮನುಷ್ಯರಿಗೆ ಅಂತ ಕೊಟ್ಟದ್ದು."

"ಮೊನ್ನೆ ಚಿರತೆ ಬಂದಾಗ ಮನುಷ್ಯರು ಮಲಗಿದ್ರು," ಎನ್ನುತ್ತಾರೆ ಶೇಷಮ್ಮ, ಗಂಡನ ಕಡೆ ನೋಡಿ.

ಶಿವಶಂಕರ ಮುಂದಿನ ಹೆಸರಿಗೆ ಹೋಗುತ್ತಾನೆ. ಮೂರು ದಿನದಲ್ಲಿ ಕೈಗೆ ಲಯ ಸಿಕ್ಕಿಬಿಟ್ಟಿದೆ. "ಕರಿಯ," ಎಂದು ಓದಿ, ತಲೆಯೆತ್ತದೆ ಗೆರೆ ಎಳೆಯುತ್ತಾನೆ. ಒಲೆಯ ಬಳಿಯಿಂದ ಗೋಪಾಲಪ್ಪನ ದೊಡ್ಡಪ್ಪ ಮೆಲ್ಲಗೆ ಎದ್ದು ನಿಲ್ಲುತ್ತಾರೆ.

"ನಾನು ಕಣಪ್ಪಾ. ಸತ್ತ ಮ್ಯಾಲೆ ಹೊಡೀವಂತಿ, ಈಗ ಇರ್ಲಿ ಬಿಡು."

ಬಿಡಾರವೆಲ್ಲ ನಗುತ್ತದೆ. ಶಿವಶಂಕರ ಕಿವಿಯವರೆಗೂ ಕೆಂಪಾಗಿ, ಗೆರೆಯ ಪಕ್ಕದಲ್ಲಿ 'ಜೀವಂತ' ಎಂದು ಬರೆದು ಸಹಿ ಹಾಕುತ್ತಾನೆ. ಗುಡ್ಡಮ್ಮ ಮಾತ್ರ ನಗದೆ ಪಟ್ಟಿಯ ಮೇಲೆ ಬಗ್ಗಿ, ಅಜ್ಜನ ವಯಸ್ಸು ಅರವತ್ತೆಂಟು ಎಂದು ತಾವು ಸ್ಪಷ್ಟವಾಗಿ ಬರೆದಿರುವ ಜಾಗಕ್ಕೆ ಬೆರಳಿಡುತ್ತಾರೆ.

ಉಳಿದ ಎರಡು ಬಿಡಾರ ಮುಗಿಯುವಾಗ ಒಂಬತ್ತು ದಾಟಿದೆ. ಕೆರೆ ಏರಿಯ ಮೇಲೆ ನೆಟ್‌ವರ್ಕ್ ಸಿಗುತ್ತದೆ. ಶಿವಶಂಕರ ಟ್ರಸ್ಟಿನ ಜವಾಬ್ದಾರಿ ಹೊತ್ತ ಗೆಲೆಕ್ ಲಾಮಾ ಅವರಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಬೈಕಿನ ಸೀಟಿನ ಮೇಲೆ ಇಡುತ್ತಾನೆ. ಲಾಮಾ ಹುಟ್ಟಿ ಬೆಳೆದದ್ದು ಮುಂಡಗೋಡದಲ್ಲೇ. ಅವರ ಕನ್ನಡದಲ್ಲಿ ಹುಬ್ಬಳ್ಳಿ ದಾರಿಯ ಗಾಳಿಯಿದೆ.

"ನಮಸ್ಕಾರರಿ ಗುಡ್ಡಮ್ಮನವರ. ಒಂದ ಮಾತು ಕೇಳತೇನಿ. ನಾಯಿ ಹೆಸರು ಬರಿಯೂ ಮುಂದ ಇದು ತಪ್ಪು ಅಂತ ಅನಸಲಿಲ್ಲೇನ್ರಿ?"

"ಅನಿಸಿದ್ರೆ ಹಾಲಿನ ಪುಡಿ ಯಾಕ್ ವಾಪಸ್ ಅಂತಿದ್ದೆ ಬುದ್ಧೀ?"

"ಹಾಲು ಕೊಟ್ಟರ ನಾಯಿ ಕುಡಿತಿರಲಿಲ್ಲೇನು?"

"ಕುಡೀತಿದ್ವು. ಹಾಲು ಮಕ್ಕಳಿಗೆ ಅಂತ ಬಂದದ್ದು. ಅಕ್ಕಿ ಉಣ್ಣೋರಿಗೆ ಅಂತ ಬಂದದ್ದು."

ಆ ಕಡೆ ಯಾರೋ ಕೆಮ್ಮಿದ ಸದ್ದು. ಗುಡ್ಡಮ್ಮ ಬೈಕಿನ ಸುತ್ತ ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಬಂದು ನಿಲ್ಲುತ್ತಾರೆ. ಕೈ ಸೆರಗಿನ ತುದಿಯನ್ನು ಹಿಂಡುತ್ತಿದೆ.

"ನಾಯಿಗೆ ಅನ್ನ ಹಾಕಬಾರದು ಅಂತ ನಮ್ಮಲ್ಲಿ ಎಲ್ಲೂ ಇಲ್ಲರಿ," ಎನ್ನುತ್ತಾರೆ ಲಾಮಾ ಕೊನೆಗೆ. "ಆದರ ಇದು ಮನುಷ್ಯರಿಗೆ ಅಂತ ಮಂದಿ ಕೊಟ್ಟದ್ದು. ಅವರನ್ನ ಕೇಳದ ನಾನು ಬ್ಯಾರೆ ಮಾಡಾಕ ಬರೂದಿಲ್ಲ. ಕೇಳತೇನಿ. ಹೂಂ ಅಂತಾರೋ ಇಲ್ಲೋ ಹೇಳಲಾರೆ. ಗುರುವಾರ ಮನುಷ್ಯರ ಲೆಕ್ಕದಷ್ಟು ಬರತದ. ಶಿವಶಂಕರ, ಎಷ್ಟು ಜನ?"

"ಎಂಬತ್ತೆಂಟು ಗುರುಗಳೆ. ಇಪ್ಪತ್ತೆರಡು ಕಿಟ್."

"ವರದಿ ಕಳಸು."

ಹತ್ತು ಕಿಟ್ ಕಡಿಮೆ. ನೂರು ಕಿಲೋ ಅಕ್ಕಿ. ಗುಡ್ಡಮ್ಮ ಅದನ್ನು ಬಿಡಾರಗಳ ಮೇಲೆ ಹಂಚಿ ನೋಡುತ್ತಿರುವುದು ತುಟಿಯ ಚಲನೆಯಲ್ಲೇ ಗೊತ್ತಾಗುತ್ತದೆ. ಸಣ್ಣ ಮಕ್ಕಳಿರುವ ಎರಡು ಬಿಡಾರಗಳಿಗೆ ಮೊದಲು, ಅತಿ ದೂರ ನಡೆಯುವವರಿಗೆ ಆಮೇಲೆ. ಗೋಪಾಲಪ್ಪನಿಗೆ ಸ್ವಲ್ಪ ಕಡಿಮೆಯಾದರೂ ಶೇಷಮ್ಮ ಸಂಭಾಳಿಸುತ್ತಾರೆ, ಬೈಯುತ್ತಲೇ ಸಂಭಾಳಿಸುತ್ತಾರೆ.

ಶಿವಶಂಕರ ಬೈಕಿನ ಸೀಟಿನ ಮೇಲೆ ಕಾಗದವಿಟ್ಟು ವರದಿ ಬರೆಯುತ್ತಾನೆ. ಬರೆದದ್ದನ್ನು ಗುಡ್ಡಮ್ಮ ಕಸಿದುಕೊಂಡಂತೆ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ಆಮೇಲೆ ಅವನ ಕೈಗೇ ಕೊಡುತ್ತಾರೆ.

"ಕನ್ನಡಕ ತಂದಿಲ್ಲ. ನೀವೇ ಓದ್ರಿ ತಮ್ಮಾ. ಗಟ್ಟಿಯಾಗಿ."

"ಬಿಡಾರ ಹನ್ನೆರಡು. ಪಟ್ಟಿಯಲ್ಲಿದ್ದ ಹೆಸರು ನೂರ ಇಪ್ಪತ್ತೆಂಟು. ಖುದ್ದಾಗಿ ನೋಡಿದ್ದು ನೂರ ಇಪ್ಪತ್ತೆಂಟು. ನಿಯಮದಂತೆ ಹೊಡೆದು ಹಾಕಿದ ಹೆಸರು ನಲವತ್ತು. ಸುಳ್ಳು ಹೆಸರು ಒಂದೂ ಇಲ್ಲ."

"ಕೊನೇದು ಇನ್ನೊಂದ್ಸಲ."

"ಸುಳ್ಳು ಹೆಸರು ಒಂದೂ ಇಲ್ಲ."

"ಫೋಟೋ ಹೊಡ್ಕೊಂಡು ನಮ್ಮೂರ ಗುಂಪಿಗೆ ಹಾಕ್ರಿ. ನಂಬರ್ ಕೊಡ್ತೀನಿ."

ಅವರು ಒಂದೊಂದೇ ಅಂಕಿ ಹೇಳುತ್ತಾರೆ. ಫೋಟೋ ಗುಡ್ಡಮ್ಮನ ಗಂಡನ ಮೊಬೈಲಿಗೆ ಹೋಗುತ್ತದೆ, ಅಲ್ಲಿಂದ ಗುಂಪಿಗೆ. ಹತ್ತು ನಿಮಿಷದಲ್ಲಿ ಮೂರು ಹೆಬ್ಬೆರಳು ಬಂದವೆಂದು ಗಂಡ ಫೋನ್ ಮಾಡುತ್ತಾರೆ. ನಿರ್ಮಲಮ್ಮ ನೋಡಿದ್ದಾರೆ ಎಂದು ಎರಡು ನೀಲಿ ಗೆರೆಗಳು ಹೇಳುತ್ತವಂತೆ, ಉತ್ತರ ಬಂದಿಲ್ಲ. ಗುಡ್ಡಮ್ಮನಿಗೆ ಅಷ್ಟು ಸಾಕು ಎಂದು ಕಾಣುತ್ತದೆ. ಮೂರು ದಿನದಲ್ಲಿ ಮೊದಲ ಸಲ ಏರಿಯ ಕಲ್ಲಿನ ಮೇಲೆ ಕೂರುತ್ತಾರೆ. ಒಂದು ನಿಮಿಷ, ಅಷ್ಟೇ. ಪಡುವಣದಲ್ಲಿ ಗುಡುಗು ಉರುಳಿದ ಸದ್ದಿಗೆ ಎದ್ದು ಗಾಡಿಯ ಸ್ಟ್ಯಾಂಡ್ ತೆಗೆಯುತ್ತಾರೆ.

"ಜೂನಿನ ಸುತ್ತಿಗೂ ಪಟ್ಟಿ ನೀವೇ ಮಾಡಿಕೊಡ್ತೀರಾ ಅಮ್ಮ?" ಶಿವಶಂಕರ ಕೇಳುತ್ತಾನೆ, ಸ್ವಲ್ಪ ಅಳುಕಿನಿಂದಲೇ.

"ಮಾಡ್ತೀನಿ. ಫಾರಂನಾಗೆ ಒಂದು ಖಾನೆ ಜಾಸ್ತಿ ಹಾಕಿಸ್ರಿ, ಅಷ್ಟೇ. ಜನ ಎಷ್ಟು ಅಂತ ಒಂದು, ಉಣ್ಣೋರು ಎಷ್ಟು ಅಂತ ಒಂದು." ಎಕ್ಸೆಲ್ ಎರಡು ಸಲ ಕೆಮ್ಮಿ ಹತ್ತಿಕೊಳ್ಳುತ್ತದೆ. ಅದರ ಸದ್ದಿನ ಮೇಲೆ ಗುಡ್ಡಮ್ಮ ದನಿ ಎತ್ತುತ್ತಾರೆ. "ಎರಡನ್ನೂ ನಾನೇ ತುಂಬ್ತೀನಿ. ಎರಡೂ ನಿಜಾನೇ ಇರ್ತಾವೆ."