ಹದಿನಾಲ್ಕು ಪ್ರಶ್ನೆಗಳ ಫಾರ್ಮು

ಶೈಲಾಗೆ ಸಾಕುಸಾಕಾಗಿತ್ತು. ಪುಣೆಯ ಒಂದು ಔಷಧ ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ: ಹೊಸ ಔಷಧ ತೆಗೆದುಕೊಳ್ಳುತ್ತಿರುವ ಕನ್ನಡದವರಿಗೆ ವಾರಕ್ಕೊಮ್ಮೆ ಫೋನು ಮಾಡಿ, ಅಡ್ಡಪರಿಣಾಮದ ಹದಿನಾಲ್ಕು ಪ್ರಶ್ನೆ ಕೇಳಿ, ಫಾರ್ಮು ತುಂಬುವುದು. ಈ ಸಲದ್ದು ಸವೆದ ಮೊಣಕಾಲನ್ನು ಸರಿಮಾಡುವ ಗುಳಿಗೆಯಂತೆ. ಪೇಪರಿನವರು ಆಗಲೇ ಕುಣಿದಾಡಿದ್ದರು. ಅವರಿಗೇನು, ನಲವತ್ತು ಮಂದಿಗೆ ಫೋನು ಮಾಡುವವಳು ಇವಳು!

ನಮ್ಮ ಉತ್ತರ ಕರ್ನಾಟಕದ ಮಂದಿಯಾದರೂ ಎಂಥವರು? "ಹೆಂಗದೀರಿ?" ಎಂದರೆ ಜ್ವರದಲ್ಲಿ ಮಲಗಿದವರೂ "ಆರಾಮ ಅದೀನ್ರಿ, ನೀವು ಹೆಂಗದೀರಿ?" ಎನ್ನುತ್ತಾರೆ. ಕೇಳಿದವರ ಮುಂದೆ ಗೋಳು ತೋಡಿಕೊಳ್ಳುವುದು ಮರ್ಯಾದೆಯಲ್ಲ. ಶೈಲಾಗೆ ಇದು ಗೊತ್ತಿಲ್ಲದ್ದೇನಲ್ಲ, ಅವಳೂ ವಿಜಯಪುರದವಳೇ. ಆದರೂ ದಣಿದ ಜೀವ, "ಆರಾಮ" ಕಿವಿಗೆ ಬಿದ್ದದ್ದೇ ತಡ, ಪ್ರಶ್ನೆ ಕೇಳದೆಯೇ ಹದಿನಾಲ್ಕಕ್ಕೂ "ಇಲ್ಲ" ಎಂದು ಗುರುತು ಹಾಕಿಬಿಡುತ್ತಿದ್ದಳು.

ಒಂದು ದಿನ ರಕ್ತ ಪರೀಕ್ಷೆಗೆಂದು ಹತ್ತಿರದ ದೌಂಡದಿಂದ ಈರಬಸಪ್ಪ ಬಂದರು, ರೈಲ್ವೆಯ ನಿವೃತ್ತ ಗುಮಾಸ್ತರು. ಬಲಗಾಲಲ್ಲಿ ಚಪ್ಪಲಿಯೇ ಇಲ್ಲ.

"ಅಯ್ಯ, ಇನ್ನೊಂದ ಚಪ್ಪಲಿ ಎಲ್ಲಿ ಬಿಟ್ರಿ ಕಾಕಾ?"

ಅವರು ಬಗ್ಗಿ ನೋಡಿಕೊಂಡರು. "ರೈಲಿನ್ಯಾಗ ಉಳೀತೋ ಏನೋ. ಪಾದ ಜೋಮು ಹಿಡದಾವ ನೋಡವ್ವಾ, ಗೊತ್ತಾಗಂಗಿಲ್ಲ. ಎರಡ ತಿಂಗಳಾತು."

"ಫೋನಿನ್ಯಾಗ ಹೇಳಬಾರದೇನ್ರಿ?"

"ಅಷ್ಟ ಅಂತಃಕರಣದಿಂದ ಕೇಳ್ತಿದ್ದಿ. ನಿನಗ್ಯಾಕ ಚಿಂತಿ ಹಚ್ಚೋದು ಅಂತ ಸುಮ್ಮನಾದೆ."

ಶೈಲಾ ಅವರ ಫಾರ್ಮು ತೆಗೆದಳು. ಫಾರ್ಮಿನ ಒಂಬತ್ತನೆಯ ಪ್ರಶ್ನೆಯೇ ಅದು: ಪಾದ ಜೋಮು ಹಿಡಿಯುತ್ತದೆಯೇ?

ಕೇಂದ್ರದ ಡಾಕ್ಟರ್ ಬಿಂದುಮಾಧವ ಅಂಗಾಲಿಗೆ ಸೂಜಿ ಚುಚ್ಚಿ ನೋಡಿದರು. ಈರಬಸಪ್ಪನವರಿಗೆ ಅದೂ ತಿಳಿಯಲಿಲ್ಲ.

"ಗುಳಿಗಿ ಇವತ್ತ ನಿಲ್ಲಸ್ರಿ. ಎರಡ ತಿಂಗಳ ಹಿಂದನ ನಿಲ್ಲಿಸಿದ್ರ ಛಲೋ ಇತ್ತು. ಈಗ ಸ್ಪರ್ಶ ತಿರುಗಿ ಬರತದೋ ಇಲ್ಲೋ ಹೇಳಲಾರೆ." ಎಂಟು ವಾರದ ಫಾರ್ಮು ತಿರುವಿ ತಲೆಯೆತ್ತಿದರು. "ಶೈಲಾ, ಪಾದದ ಪ್ರಶ್ನೆ ಕೇಳಿದ್ರೋ ಇಲ್ಲೋ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಈರಬಸಪ್ಪ ಹೇಳಿಬಿಟ್ಟರು: "ಕೇಳ್ಯಾಳ್ರಿ ಸಾಹೇಬ್ರ. ವಾರಾ ವಾರಾ ಕೇಳ್ಯಾಳ. ನಾನ ಸುಳ್ಳ ಹೇಳೀನಿ."

ಸುಮ್ಮನಿದ್ದುಬಿಡೋಣ ಎನ್ನಿಸಿತು ಶೈಲಾಗೆ. ಆದರೆ ಉಳಿದ ಮೂವತ್ತೊಂಬತ್ತು ಮಂದಿ ಆ ಹೊತ್ತಿಗೂ ಅದೇ ಗುಳಿಗೆ ನುಂಗುತ್ತಿದ್ದರು.

"ಇಲ್ರಿ ಡಾಕ್ಟರ್. ನಾ ಯಾರನ್ನೂ ಕೇಳಿಲ್ಲ. ಕಾಕಾರನ್ನೂ ಕೇಳಿಲ್ಲ."

ಡಾಕ್ಟರು ಫೋನಿನತ್ತ ಕೈ ತೋರಿಸಿದರು. ಈರಬಸಪ್ಪ ತಲೆ ಅಲ್ಲಾಡಿಸಿದರು.

"ಯಾಕ ಹೇಳಿದ್ಯವ್ವಾ? ನನ್ನ ಪಾದಂತೂ ಹೋದವು. ನಿನ್ನ ನೌಕರಿ ಆದ್ರೂ ಉಳೀತಿತ್ತಲ್ಲ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಹೆಸರುಗಳ ಪಟ್ಟಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ಮೊದಲ ನಂಬರು ಒತ್ತಿದಳು.